‘ಅರ್ಥವಾಯಿತು’ ಎನ್ನುವ ಮುನ್ನ

ಬಸ್ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ‘ಮೂವತ್ತು ದಿನಗಳಲ್ಲಿ’ ಇಂಥ ಭಾಷೆಯನ್ನು ಕಲಿಸುತ್ತೇವೆಂದು ಭರವಸೆ ಕೊಡುವ ತೆಳುವಾದ ಪುಸ್ತಕಗಳನ್ನು ನಾವೆಲ್ಲರೂ ಕಂಡಿದ್ದೇವೆ. ಈಗ ಅದೇ ಭರವಸೆ ಮೊಬೈಲ್ ಫೋನಿನ ಪರದೆಯ ಮೇಲೂ ಮೂಡುತ್ತಿದೆ. ಕೊಳ್ಳುವವರೂ ಕಡಿಮೆಯಿಲ್ಲ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಜರ್ಮನಿಗೆ ದಾದಿಯಾಗಿ ಹೊರಟ ಮಗಳಿದ್ದಾಳೆ, ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡುವ ತಮ್ಮನಿದ್ದಾನೆ, ಇಟಲಿಯ ಮಠಕ್ಕೆ ವರ್ಗವಾದ ಕನ್ಯಾಸ್ತ್ರೀಯೊಬ್ಬರಿದ್ದಾರೆ. ಇವರೆಲ್ಲರಿಗೂ ಇಪ್ಪತ್ತೈದೋ ಮೂವತ್ತೋ ನಲವತ್ತೋ ದಾಟಿದ ಮೇಲೆ ಒಂದು ಹೊಸ ಭಾಷೆ ಬೇಕಾಗಿದೆ. ಅದೂ ಬೇಗನೆ ಬೇಕಾಗಿದೆ.

ಬೆಳೆದವರು ಪರಭಾಷೆಯನ್ನು ಬೇಗ ಕಲಿಯಬಲ್ಲರೇ? ಇದು ಬುದ್ಧಿಗೆ ಸಂಬಂಧಿಸಿದ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯಿದೆ, ಅದು ಮನಸ್ಸಾಕ್ಷಿಗೆ ಸಂಬಂಧಿಸಿದ್ದು: ‘ನನಗೆ ಅವರ ಭಾಷೆ ಬರುತ್ತದೆ’ ಎಂದು ಹೇಳುವ ಹಕ್ಕು ನಮಗೆ ಯಾವಾಗ ಬರುತ್ತದೆ? ಎರಡನ್ನೂ ಸ್ವಲ್ಪ ಸಾವಧಾನವಾಗಿ ನೋಡೋಣ.

ಬೆಳೆದವರಿಗೆ ಸಾಧ್ಯವೇ?

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಹೇಳಿ ನಾವು ಸುಮ್ಮನಾಗಿಬಿಡುತ್ತೇವೆ. ಆದರೆ ಭಾಷೆಯ ವಿಷಯದಲ್ಲಿ ಈ ಗಾದೆ ಅರ್ಧ ಮಾತ್ರ ನಿಜ. ನೆದರ್‌ಲೆಂಡ್ಸ್‌ಗೆ ಬಂದು ನೆಲೆಸಿದ ಇಂಗ್ಲಿಷ್ ಭಾಷಿಕರು ಡಚ್ ಕಲಿಯುವುದನ್ನು ಇಬ್ಬರು ಸಂಶೋಧಕಿಯರು ಒಂದು ವರ್ಷದ ಕಾಲ ಗಮನಿಸಿ 1978ರಲ್ಲಿ ವರದಿ ಪ್ರಕಟಿಸಿದರು. ಮೊದಲ ಕೆಲವು ತಿಂಗಳುಗಳಲ್ಲಿ ಎಲ್ಲರಿಗಿಂತ ಮುಂದಿದ್ದವರು ಹನ್ನೆರಡರಿಂದ ಹದಿನೈದು ವಯಸ್ಸಿನ ಮಕ್ಕಳು ಮತ್ತು ವಯಸ್ಕರು. ಮೂರರಿಂದ ಐದು ವರ್ಷದ ಪುಟಾಣಿಗಳು ಎಲ್ಲರಿಗಿಂತ ಹಿಂದಿದ್ದರು. ವರ್ಷ ಮುಗಿಯುವ ಹೊತ್ತಿಗೆ ಶಾಲೆಗೆ ಹೋಗುವ ಮಕ್ಕಳು ದೊಡ್ಡವರನ್ನು ಹಿಂದೆ ಹಾಕಿದ್ದರು, ನಿಜ. ಆದರೂ ಆರಂಭದ ಓಟದಲ್ಲಿ ದೊಡ್ಡವರೇನೂ ಸೋತವರಲ್ಲ. ವ್ಯಾಕರಣದ ನಿಯಮವನ್ನು ಕಂಡುಹಿಡಿಯುವ ಶಕ್ತಿ, ಓದು ಬರಹ, ಲೋಕಾನುಭವ ಎಲ್ಲವೂ ಅವರ ಕೈಯಲ್ಲಿರುತ್ತವೆ.

ಇದನ್ನು ನಂಬಿ ನಡೆಯುತ್ತಿರುವ ಸಂಸ್ಥೆಗಳೂ ಇವೆ. ಮೈಸೂರಿನಲ್ಲಿ 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ ಸ್ಥಾಪನೆಯಾಯಿತು. ಅದರ ಪ್ರಾದೇಶಿಕ ಕೇಂದ್ರಗಳು ಬೇರೆ ರಾಜ್ಯಗಳ ಶಾಲಾ ಶಿಕ್ಷಕರಿಗೆ ಹತ್ತು ತಿಂಗಳ ತರಬೇತಿಯಲ್ಲಿ ಹೊಸ ಭಾರತೀಯ ಭಾಷೆಯೊಂದನ್ನು ಕಲಿಸುತ್ತ ಬಂದಿವೆ. ಮೈಸೂರಿನ ಕೇಂದ್ರದಲ್ಲಿ ಕನ್ನಡವೂ ಅವುಗಳಲ್ಲೊಂದು. ವಲಸೆ ಬಂದ ವಯಸ್ಕರಿಗೆ ಹೀಬ್ರೂ ಕಲಿಸುವ ‘ಉಲ್ಪಾನ್’ ಶಾಲೆ ಜೆರುಸಲೇಮಿನಲ್ಲಿ ಆರಂಭವಾದದ್ದು 1949ರಲ್ಲಿ. ಅಮೆರಿಕಾ ಸರ್ಕಾರದ ವಿದೇಶಾಂಗ ತರಬೇತಿ ಸಂಸ್ಥೆಯ ಲೆಕ್ಕದಂತೆ, ಇಂಗ್ಲಿಷ್ ಬಲ್ಲ ಅಧಿಕಾರಿಗೆ ಹಿಂದಿ, ತಮಿಳು, ತೆಲುಗಿನಂಥ ಭಾಷೆಗಳಲ್ಲಿ ಉದ್ಯೋಗಕ್ಕೆ ಬೇಕಾದಷ್ಟು ಹಿಡಿತ ಬರಲು ಸುಮಾರು 44 ವಾರಗಳ ಪೂರ್ಣಕಾಲದ ಕಲಿಕೆ ಬೇಕು. ಜಪಾನಿ, ಚೀನಿ, ಅರಬ್ಬಿ ಭಾಷೆಗಳಿಗೆ 88 ವಾರ, ಅಂದರೆ 2200 ತರಗತಿ ಗಂಟೆಗಳು. ಮೂವತ್ತು ದಿನಗಳ ಪುಸ್ತಕ ಕೊಡುವ ಭರವಸೆಗೂ ಈ ಲೆಕ್ಕಕ್ಕೂ ಇರುವ ದೂರವನ್ನು ಓದುಗರೇ ಅಳೆಯಬಹುದು. ಆದರೂ ಒಂದೆರಡು ವರ್ಷಗಳ ಶ್ರದ್ಧೆಗೆ ಸಿಕ್ಕದಷ್ಟು ಎತ್ತರದಲ್ಲೇನೂ ಪರಭಾಷೆ ಇಲ್ಲ ಎಂಬುದೂ ಇದರಿಂದ ಸ್ಪಷ್ಟ.

ಬೇಗ ಕಲಿಯುವ ಮಾರ್ಗದಲ್ಲಿ ಗುಟ್ಟೇನೂ ಇಲ್ಲ. ದಿನಬಳಕೆಯ ಪದಗಳನ್ನು ಮೊದಲು ಕಲಿಯಬೇಕು. ಕಲಿತದ್ದನ್ನು ಒಂದೇ ದಿನ ನೂರು ಸಲ ಉರು ಹೊಡೆಯುವ ಬದಲು ಮರುದಿನ, ವಾರ ಕಳೆದು, ತಿಂಗಳು ಕಳೆದು ಮತ್ತೆ ಮತ್ತೆ ನೆನಪಿಸಿಕೊಳ್ಳಬೇಕು. ಮರೆವು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿಕೊಟ್ಟವನು ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ದಿನದಿಂದಲೇ ಆ ಭಾಷೆಯವರೊಡನೆ ಬಾಯಿಬಿಟ್ಟು ಮಾತನಾಡಬೇಕು. ಇಲ್ಲಿಯೇ ನಾವು ತಡವರಿಸುವುದು. ನೆನಪಿನ ಶಕ್ತಿ ಸಾಲದೆ ತಡವರಿಸುವವರಿಗಿಂತ ಮಾನಕ್ಕೆ ಅಂಜಿ ತಡವರಿಸುವವರೇ ಹೆಚ್ಚು.

ಮಗುವಾಗಬೇಕಾದ ಸಂತ

ಸಂತ ಫ್ರಾನ್ಸಿಸ್ ಝೇವಿಯರ್ ಅವರ ಬಗ್ಗೆ ನಮ್ಮ ಹಿರಿಯರು ಒಂದು ಮಾತು ಹೇಳುತ್ತಿದ್ದರು. ದೇವರು ಅವರಿಗೆ ಭಾಷೆಗಳ ವರವನ್ನು ಕೊಟ್ಟಿದ್ದರು, ಅವರು ಹೋದಲ್ಲೆಲ್ಲ ಆಯಾ ನಾಡಿನ ನುಡಿಯಲ್ಲಿ ತಾವೇ ತಾವಾಗಿ ಬೋಧಿಸುತ್ತಿದ್ದರು ಎಂದು. ಭಕ್ತಿಯಿಂದ ಹುಟ್ಟಿದ ಮಾತು ಅದು. ಆದರೆ ಸಂತರೇ ಬರೆದ ಪತ್ರಗಳು ಬೇರೆಯೇ ಕಥೆ ಹೇಳುತ್ತವೆ. ನನಗಂತೂ ಆ ಕಥೆಯೇ ಹೆಚ್ಚು ಪವಿತ್ರವಾಗಿ ಕಾಣುತ್ತದೆ.

ಅವರು ಗೋವಾ ತಲುಪಿದ್ದು 1542ರ ಮೇ ತಿಂಗಳಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ. ಅದೇ ವರ್ಷ ತಮಿಳುನಾಡಿನ ಮುತ್ತಿನ ಕರಾವಳಿಯ ಬೆಸ್ತರ ನಡುವೆ ಹೋದರು. ತಮಿಳು ಬಾರದು. ತಮಿಳನ್ನೂ ಪೋರ್ಚುಗೀಸನ್ನೂ ಬಲ್ಲ ಕೆಲವರನ್ನು ಕೂಡಿಸಿಕೊಂಡು ಬಹಳ ಶ್ರಮದಿಂದ ಜಪಗಳನ್ನು ಅನುವಾದ ಮಾಡಿಸಿದರು. ಅವನ್ನು ಬಾಯಿಪಾಠ ಮಾಡಿದರು. ಆಮೇಲೆ ಕೈಯಲ್ಲಿ ಗಂಟೆ ಹಿಡಿದು ಬೀದಿ ಬೀದಿ ಸುತ್ತಿ ಮಕ್ಕಳನ್ನೂ ದೊಡ್ಡವರನ್ನೂ ಕರೆದು ಆ ಜಪಗಳನ್ನು ಕಲಿಸಿದರು. ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಓದಿ ಅಲ್ಲಿಯೇ ಪಾಠ ಹೇಳಿದ್ದ ವ್ಯಕ್ತಿ ಬೆಸ್ತರ ಮಕ್ಕಳ ಮುಂದೆ ನಿಂತು, ತನಗೇ ಪೂರ್ತಿ ಒಗ್ಗದ ಶಬ್ದಗಳನ್ನು ಉಚ್ಚರಿಸುವ ದೃಶ್ಯವನ್ನು ನೆನೆದುಕೊಳ್ಳಿ.

ಏಳು ವರ್ಷಗಳ ನಂತರ, 1549ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನ ಅವರು ಜಪಾನಿನ ಕಗೋಷಿಮಾದಲ್ಲಿ ಇಳಿದರು. ಆಗ ಅವರಿಗೆ ನಲವತ್ತಮೂರು ವಯಸ್ಸು. ಆ ವರ್ಷದ ನವೆಂಬರಿನಲ್ಲಿ ಬರೆದ ದೀರ್ಘ ಪತ್ರದಲ್ಲಿ ತಮ್ಮ ಸ್ಥಿತಿಯನ್ನು ಮರೆಮಾಚದೆ ತಿಳಿಸುತ್ತಾರೆ: ಸುತ್ತಲಿನ ಜನ ತಮ್ಮ ಬಗ್ಗೆ ಏನೇನೋ ಮಾತನಾಡಿಕೊಳ್ಳುತ್ತಾರೆ, ತಾವು ಮಾತ್ರ ಅವರ ನಡುವೆ ಪ್ರತಿಮೆಗಳಂತೆ ಮೂಕರಾಗಿ ನಿಂತಿದ್ದೇವೆ, ಈಗ ಭಾಷೆ ಕಲಿಯುವುದಕ್ಕಾಗಿ ಪುಟ್ಟ ಮಕ್ಕಳಂತಾಗಬೇಕಾಗಿದೆ. ಮಕ್ಕಳಂತಾಗಬೇಕೆಂಬ ಯೇಸುವಿನ ಉಪದೇಶವನ್ನು ನಾವು ಸಾವಿರ ಸಲ ಕೇಳಿದ್ದೇವೆ. ಅದನ್ನು ಅಕ್ಷರಶಃ ಪಾಲಿಸಬೇಕಾಗುವ ಸಂದರ್ಭ ಬೆಳೆದವರ ಬಾಳಿನಲ್ಲಿ ಅಪರೂಪ. ಪರಭಾಷೆಯ ಮೊದಲ ಪಾಠ ಅಂಥ ಒಂದು ಸಂದರ್ಭ. ಊರಿನಲ್ಲಿ ಹತ್ತು ಜನರಿಗೆ ಬುದ್ಧಿ ಹೇಳುತ್ತಿದ್ದವನು ಅಲ್ಲಿ ನೀರು ಕೇಳುವುದಕ್ಕೂ ಪದ ಹುಡುಕಬೇಕು. ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದ ದಾದಿಯನ್ನು ಹತ್ತೊಂಬತ್ತರ ಹುಡುಗಿಯೊಬ್ಬಳು ತಿದ್ದುತ್ತಾಳೆ. ಇದನ್ನು ಸಹಿಸುವವರು ಬೇಗ ಕಲಿಯುತ್ತಾರೆ. ಸಹಿಸದವರು ತಮ್ಮ ಊರಿನವರ ಗುಂಪನ್ನು ಹುಡುಕಿಕೊಂಡು ಅದರೊಳಗೇ ಉಳಿದುಬಿಡುತ್ತಾರೆ.

ಸಂತ ಜೆರೋಮರೂ ಇದೇ ಹಾದಿ ತುಳಿದವರು. ಮರಳುಗಾಡಿನಲ್ಲಿ ತಪಸ್ಸಿಗೆ ಕುಳಿತಿದ್ದಾಗ, ಲತೀನಿನ ಮಹಾಪಂಡಿತರಾದ ಅವರು ಯೆಹೂದ್ಯ ಮೂಲದ ಒಬ್ಬ ಸನ್ಯಾಸಿಯ ಶಿಷ್ಯರಾಗಿ ಹೀಬ್ರೂ ಅಕ್ಷರಮಾಲೆಯನ್ನು ಮೊದಲಿನಿಂದ ತಿದ್ದಿದರು. ಎಷ್ಟೋ ಸಲ ಬೇಸತ್ತು ಬಿಟ್ಟುಬಿಟ್ಟರು, ಮತ್ತೆ ಹಿಡಿದರು. ಇದನ್ನು ಅವರು ಮುದಿತನದಲ್ಲಿ ಒಬ್ಬ ತರುಣನಿಗೆ ಬರೆದ ಪತ್ರದಲ್ಲಿ ತಾವೇ ಹೇಳಿಕೊಂಡಿದ್ದಾರೆ.

ಅವಸರ ಮಾಡಿದ ಅನರ್ಥ

ಝೇವಿಯರ್ ಅವರ ಜಪಾನಿನ ಕಥೆಗೆ ಇನ್ನೊಂದು ಅಧ್ಯಾಯವಿದೆ. ಅದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಅವರಿಗೆ ದುಭಾಷಿಯಾಗಿದ್ದವನು ಮಲಾಕ್ಕಾದಲ್ಲಿ ಪರಿಚಯವಾಗಿ ಕ್ರೈಸ್ತನಾಗಿದ್ದ ಆಂಜಿರೋ ಎಂಬ ಜಪಾನೀಯ. ಒಳ್ಳೆಯವನು, ಉತ್ಸಾಹಿ, ಆದರೆ ಧರ್ಮಶಾಸ್ತ್ರ ಓದಿಕೊಂಡವನಲ್ಲ. ‘ದೇವರು’ ಎಂಬುದಕ್ಕೆ ಜಪಾನಿ ಭಾಷೆಯಲ್ಲಿ ಯಾವ ಪದ ಬಳಸಬೇಕೆಂಬ ಪ್ರಶ್ನೆ ಬಂದಾಗ ಅವನು ಸೂಚಿಸಿದ್ದು ‘ದೈನಿಚಿ’ ಎಂಬ ಪದ. ಸಂತರು ಅದನ್ನೇ ಹಿಡಿದರು. ಬೀದಿಯಲ್ಲಿ ನಿಂತು, ರೋಮನ್ ಲಿಪಿಯಲ್ಲಿ ಬರೆದುಕೊಂಡ ಜಪಾನಿ ಪಠ್ಯವನ್ನು ಓದುತ್ತ, ದೈನಿಚಿಯನ್ನು ಆರಾಧಿಸಿರಿ ಎಂದು ಸಾರಿದರು. ಬೌದ್ಧ ಧರ್ಮದ ಶಿಂಗೊನ್ ಪಂಥದ ಸನ್ಯಾಸಿಗಳು ಅವರನ್ನು ಆದರದಿಂದ ಬರಮಾಡಿಕೊಂಡರು. ಬರಮಾಡಿಕೊಳ್ಳದೆ ಇರುತ್ತಾರೆಯೇ? ದೈನಿಚಿ ಎಂದರೆ ಅವರು ಪೂಜಿಸುತ್ತಿದ್ದ ವೈರೋಚನ ಬುದ್ಧ! ದೂರದಿಂದ ಬಂದ ಈ ಅತಿಥಿ ತಮ್ಮ ಧರ್ಮವನ್ನೇ ಹೇಳುತ್ತಿದ್ದಾನೆಂದು ಅವರು ತಿಳಿದರು. ಜನ ತಮ್ಮ ಮಾತನ್ನು ಗ್ರಹಿಸುತ್ತಿದ್ದಾರೆಂದು ಇವರು ತಿಳಿದರು.

ಸತ್ಯ ಬೆಳಕಿಗೆ ಬಂದದ್ದು 1551ರಲ್ಲಿ, ಯಾಮಗುಚಿ ನಗರದಲ್ಲಿ. ಆ ಸನ್ಯಾಸಿಗಳನ್ನು ಝೇವಿಯರ್ ಒಂದೊಂದಾಗಿ ಪ್ರಶ್ನಿಸುತ್ತ ಹೋದಂತೆ ತಾವು ಬಳಸುತ್ತಿದ್ದ ಪದದ ನಿಜವಾದ ಅರ್ಥ ಹೊಳೆಯಿತು. ಆಗ ಅವರು ಮಾಡಿದ್ದೇನು? ಮುಚ್ಚಿಡಲಿಲ್ಲ. ತಮ್ಮ ಮಾತನ್ನು ಬಹಿರಂಗವಾಗಿ ಹಿಂದಕ್ಕೆ ತೆಗೆದುಕೊಂಡರು. ಸಂಗಡಿಗರಾದ ಸಹೋದರ ಹುವಾನ್ ಫೆರ್ನಾಂಡೆಸ್ ಅವರನ್ನು ಬೀದಿಗೆ ಕಳುಹಿಸಿ, ದೈನಿಚಿಯನ್ನು ಪ್ರಾರ್ಥಿಸಬೇಡಿರೆಂದು ಸಾರಿಸಿದರು. ಅಲ್ಲಿಂದ ಮುಂದೆ ಲತೀನಿನ ‘ದೇವುಸ್’ ಪದವನ್ನೇ ಜಪಾನಿ ಉಚ್ಚಾರಣೆಯಲ್ಲಿ ಬಳಸಿದರು.

ಈ ಫೆರ್ನಾಂಡೆಸ್ ಗುರುದೀಕ್ಷೆ ಪಡೆಯದ ಸರಳ ಸಹೋದರ. ಮೊದಲ ತಂಡದಲ್ಲಿ ಜಪಾನಿಯನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವರು ಇವರೇ. ಝೇವಿಯರ್ ಎರಡು ವರ್ಷ ಮೂರು ತಿಂಗಳಿಗೆ ಜಪಾನ್ ಬಿಟ್ಟರು. 1552ರ ಡಿಸೆಂಬರ್ 3ರಂದು ಚೀನಾದ ಹೊಸ್ತಿಲಲ್ಲಿ ತೀರಿಕೊಂಡರು. ಫೆರ್ನಾಂಡೆಸ್ ಮಾತ್ರ ಅಲ್ಲಿಯೇ ಉಳಿದು 1567ರಲ್ಲಿ ಹಿರಾದೊ ಎಂಬಲ್ಲಿ ಪ್ರಾಣಬಿಟ್ಟರು. ಹದಿನೆಂಟು ವರ್ಷ ಒಂದೇ ಜನರ ನಡುವೆ! ಊರಿಗೆ ಮೊದಲು ಬಂದವರನ್ನು ಚರಿತ್ರೆ ನೆನೆಯುತ್ತದೆ. ಆದರೆ ಆ ಊರಿನ ಮಾತನ್ನು ಕೇಳಿಸಿಕೊಳ್ಳಲು ಉಳಿದವರನ್ನೂ ನಾವು ನೆನೆಯಬೇಕು.

ಮೊದಲು ಕಿವಿ, ಆಮೇಲೆ ನಾಲಗೆ

ದೈನಿಚಿಯ ಪ್ರಸಂಗದಲ್ಲಿ ತಪ್ಪು ನಡೆದದ್ದು ಎಲ್ಲಿ? ಉಚ್ಚಾರಣೆಯಲ್ಲಲ್ಲ, ವ್ಯಾಕರಣದಲ್ಲೂ ಅಲ್ಲ. ನಾಲಗೆ ಕಿವಿಗಿಂತ ಮುಂದೆ ಓಡಿತು. ಹೇಳುವುದನ್ನು ಕಲಿತಾಗಿತ್ತು, ಹೇಳಿದ್ದು ಕೇಳುವವರಿಗೆ ಏನೆಂದು ಕೇಳಿಸುತ್ತಿದೆ ಎಂಬುದನ್ನು ಕೇಳಿ ತಿಳಿಯಲು ಎರಡು ವರ್ಷ ಹಿಡಿಯಿತು.

ಬೇಗ ಕಲಿಯುವ ಎಲ್ಲರಿಗೂ ಇದೇ ಅಪಾಯ. ಮಾತನ್ನು ನಾವು ಅಳತೆ ಮಾಡಿ ಕಲಿಯಬಹುದು. ಯಾವ ಪದ, ಯಾವ ವಾಕ್ಯ ಎಂಬುದನ್ನು ನಾವೇ ಆರಿಸುತ್ತೇವೆ. ಕೇಳುವಾಗ ಆಯ್ಕೆ ಎದುರಿನವರದು. ಅವರು ಹಲ್ಲಿಲ್ಲದ ಬಾಯಲ್ಲಿ, ಹಳ್ಳಿಯ ರಾಗದಲ್ಲಿ, ಅಳುತ್ತ, ಕೋಪಿಸಿಕೊಳ್ಳುತ್ತ ಮಾತನಾಡುತ್ತಾರೆ. ನಮ್ಮ ಕಿವಿಯೂ ಹಳೆಯದಾಗಿದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿಜ್ಞಾನಿಗಳು ಕೆನಡಾದಲ್ಲಿ ನಡೆಸಿ 1984ರಲ್ಲಿ ಪ್ರಕಟಿಸಿದ ಪ್ರಯೋಗ ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು. ಇಂಗ್ಲಿಷ್ ಮಾತನಾಡುವ ಮನೆಗಳ ಶಿಶುಗಳು ಆರರಿಂದ ಎಂಟು ತಿಂಗಳ ವಯಸ್ಸಿನಲ್ಲಿ ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳ ವ್ಯತ್ಯಾಸವನ್ನು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಅವುಗಳ ಆ ಸಾಮರ್ಥ್ಯ ಬಹುಮಟ್ಟಿಗೆ ಕುಂದಿತ್ತು. ನಮಗೆ ‘ತಾಳಿ’ ಬೇರೆ, ‘ಟಾಳಿ’ ಬೇರೆ ಎಂಬುದು ಹಗಲಿನಷ್ಟು ಸ್ಪಷ್ಟ. ಹಾಗೆಯೇ ಜರ್ಮನರಿಗೆ ಹಗಲಿನಷ್ಟು ಸ್ಪಷ್ಟವಾದ ಸ್ವರಭೇದಗಳು ನಮ್ಮ ಕಿವಿಗೆ ಒಂದೇ ಆಗಿ ಕೇಳಿಸುತ್ತವೆ. ಕಿವಿಯನ್ನು ಮತ್ತೆ ತೆರೆಸಬಹುದು, ಆದರೆ ಅದಕ್ಕೆ ಕಾಲ ಬೇಕು, ತಾಳ್ಮೆ ಬೇಕು.

ಸಂತ ಮಾರ್ಕರ ಶುಭಸಂದೇಶದ ಒಂದು ಅದ್ಭುತಕಾರ್ಯ ಇಲ್ಲಿ ನೆನಪಾಗುತ್ತದೆ. ಕಿವುಡನೂ ತೊದಲು ಮಾತಿನವನೂ ಆದ ಒಬ್ಬನನ್ನು ಯೇಸುವಿನ ಬಳಿಗೆ ಕರೆತರುತ್ತಾರೆ. ಯೇಸು ಅವನನ್ನು ಗುಂಪಿನಿಂದ ಪ್ರತ್ಯೇಕವಾಗಿ ಕರೆದುಕೊಂಡು ಹೋಗುತ್ತಾರೆ. ಮೊದಲು ಅವನ ಕಿವಿ ತೆರೆಯುತ್ತದೆ, ಆಮೇಲೆ ನಾಲಗೆಯ ಕಟ್ಟು ಬಿಚ್ಚುತ್ತದೆ. ಈ ಕ್ರಮವನ್ನು ನಾವು ಗಮನಿಸಿದ್ದೇವೆಯೇ?

ಒಂದು ವಾರ್ಡಿನ ಮಾತು

ಈಗ ಜರ್ಮನಿಗೆ ಹೊರಟ ನಮ್ಮ ಮಗಳ ಬಳಿಗೆ ಬರೋಣ. ಕೇರಳದಿಂದ ಕಥೋಲಿಕ ತರುಣಿಯರು ಧರ್ಮಸಭೆಯ ಸಂಸ್ಥೆಗಳ ಮೂಲಕ ಜರ್ಮನಿಯ ಆಸ್ಪತ್ರೆಗಳಿಗೆ ಹೋಗತೊಡಗಿದ್ದು 1960ರ ದಶಕದಲ್ಲಿ. ಇಂದು ನಮ್ಮ ಕಡೆಯವರೂ ಹೋಗುತ್ತಿದ್ದಾರೆ. ಯುರೋಪಿನಲ್ಲಿ 2001ರಿಂದ ಭಾಷಾಜ್ಞಾನವನ್ನು ಎ1ರಿಂದ ಸಿ2ರವರೆಗೆ ಆರು ಹಂತಗಳಲ್ಲಿ ಅಳೆಯುತ್ತಾರೆ. ದಾದಿಯಾಗಿ ಪೂರ್ಣ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ನಾಲ್ಕನೆಯದಾದ ಬಿ2 ಹಂತ ಬೇಕು. ಮನೆಯಲ್ಲಿ ಸಾಲವಿದೆ, ತಮ್ಮನ ಓದಿದೆ, ಪರೀಕ್ಷೆಯ ದಿನ ಹತ್ತಿರವಿದೆ. ಇಂಥವಳಿಗೆ ‘ಅವಸರ ಬೇಡ’ ಎಂದು ಉಪದೇಶ ಮಾಡುವುದು ಸುಲಭ; ಆದರೆ ಅದು ನ್ಯಾಯವಲ್ಲ. ಬೇಗ ಕಲಿಯುವುದು ಪಾಪವಲ್ಲ. ಹೊಟ್ಟೆಪಾಡಿಗಾಗಿ ಕಲಿಯುವುದೂ ಪಾಪವಲ್ಲ. ಬದಲಿಗೆ ಅವಳಿಗೆ ಒಂದು ಧೈರ್ಯದ ಮಾತು ಹೇಳಬಹುದು: ಕನ್ನಡವೇ ಅವಳ ಕೈಹಿಡಿಯುತ್ತದೆ.

ಚಳಿಯಾದರೆ ಇಂಗ್ಲಿಷಿನವರು ‘ನಾನು ಚಳಿಯಾಗಿದ್ದೇನೆ’ ಎಂಬ ಅರ್ಥದಲ್ಲಿ ಹೇಳುತ್ತಾರೆ. ಅದನ್ನೇ ಜರ್ಮನಿಗೆ ತಿರುಗಿಸಿ ‘ಇಶ್ ಬಿನ್ ಕಾಲ್ಟ್’ ಎಂದರೆ ‘ನಾನು ಮನಸ್ಸಿನಿಂದ ತಣ್ಣಗಿನವಳು, ಮಮತೆಯಿಲ್ಲದವಳು’ ಎಂದಾಗಬಹುದು. ಜರ್ಮನರು ಹೇಳುವುದು ‘ಮಿಯರ್ ಇಸ್ಟ್ ಕಾಲ್ಟ್’ ಎಂದು. ಪದಕ್ಕೆ ಪದವಿಟ್ಟು ನೋಡಿದರೆ ನಮ್ಮ ‘ನನಗೆ ಚಳಿ’ಯೇ ಅದು. ‘ನನಗೆ ಕಾಯಿಲೆಯಾಗಿರುವುದರಿಂದ’ ಎಂಬಂಥ ಉಪವಾಕ್ಯಗಳಲ್ಲಿ ಅವರ ಕ್ರಿಯಾಪದವೂ ನಮ್ಮದರಂತೆ ಕೊನೆಗೆ ಹೋಗಿ ಕೂರುತ್ತದೆ. ನಮ್ಮ ‘ನೀನು’, ‘ನೀವು’ಗಳ ಹಾಗೆ ಅವರಿಗೂ ‘ದು’ ಮತ್ತು ‘ಜೀ’ ಇವೆ. ಮಾತೃಭಾಷೆಯನ್ನು ಚೆನ್ನಾಗಿ ಬಲ್ಲವರಿಗೆ ಪರಭಾಷೆ ಪೂರ್ತಿ ಪರಕೀಯವಲ್ಲ. ತಾಯ್ನುಡಿಯನ್ನು ಮರೆತರೆ ಪರನುಡಿ ಬೇಗ ಬರುತ್ತದೆಂಬ ಭ್ರಮೆಯನ್ನು ನಾವು ಬಿಡಬೇಕು.

ಇಷ್ಟಾಗಿಯೂ ವಾರ್ಡಿನಲ್ಲಿ ಕಷ್ಟ ಬರುತ್ತದೆ. ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ವೃದ್ಧ ರೋಗಿಯೊಬ್ಬರು ‘ಮಿಯರ್ ಇಸ್ಟ್ ಶ್ಲೆಷ್ಟ್’ ಎನ್ನುತ್ತಾರೆ. ‘ಶ್ಲೆಷ್ಟ್’ ಎಂದರೆ ಕೆಟ್ಟದ್ದು ಎಂದು ದಾದಿ ಕಲಿತಿದ್ದಾಳೆ. ಪಾಪ, ಮುದುಕರಿಗೆ ಬೇಜಾರಾಗಿದೆ ಎಂದುಕೊಳ್ಳುತ್ತಾಳೆ. ಅವರು ಹೇಳಿದ್ದು ‘ವಾಂತಿ ಬರುವ ಹಾಗಾಗುತ್ತಿದೆ’ ಎಂದು. ಮೇಲಿನ ದಾದಿ ಬಂದು ಔಷಧಿಯ ಹೊತ್ತು ‘ಹಾಲ್ಬ್ ದ್ರೈ’ ಎನ್ನುತ್ತಾಳೆ. ‘ಅರ್ಧ ಮೂರು’ ಎಂದು ಕೇಳಿಸಿಕೊಂಡವಳು ಮೂರೂವರೆ ಎಂದು ಬರೆದುಕೊಂಡರೆ ಒಂದು ತಾಸು ತಪ್ಪಿತು. ಅದರ ಅರ್ಥ ಎರಡೂವರೆ. ಅರವತ್ತೈದನ್ನು ಜರ್ಮನರು ‘ಐದು ಮತ್ತು ಅರವತ್ತು’ ಎಂದು ತಿರುಗಿಸಿ ಹೇಳುತ್ತಾರೆ. ಮೊದಲು ಕಿವಿಗೆ ಬಿದ್ದ ಐದನ್ನು ಮೊದಲು ಬರೆದರೆ ಐವತ್ತಾರು ಆಗಿಬಿಡುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ಒಂದು ಅಂಕ ಹೋಗುತ್ತದೆ. ವಾರ್ಡಿನಲ್ಲಿ ಹೋಗುವುದು ಏನು?

ಇಂಥ ಗಳಿಗೆಯಲ್ಲಿ ಕಲಿಯುವವರ ಮುಂದೆ ಒಂದು ಪ್ರಲೋಭನೆ ಬಂದು ನಿಲ್ಲುತ್ತದೆ. ಅದು ಬಹಳ ಚಿಕ್ಕದು, ಒಂದು ತಲೆಯಾಡಿಸುವಿಕೆ ಮಾತ್ರ. ಪೂರ್ತಿ ಅರ್ಥವಾಗಿಲ್ಲ, ಆದರೂ ‘ಅರ್ಥವಾಯಿತು’ ಎಂದುಬಿಡುವುದು. ಎರಡನೆಯ ಸಲ ಕೇಳಿದರೆ ದಡ್ಡಿಯೆನಿಸಿಕೊಳ್ಳುವ ನಾಚಿಕೆ, ಮೂರನೆಯ ಸಲ ಕೇಳಿದರೆ ಕೆಲಸ ಹೋದೀತೆಂಬ ಭಯ.

ತಲೆಯಾಡಿಸುವುದು ಸುಳ್ಳೇ?

ನಮ್ಮಲ್ಲಿ ಹೂಂಗುಟ್ಟುವುದು ಒಂದು ಸೌಜನ್ಯ. ಕಥೆ ಹೇಳುವ ಅಜ್ಜಿಗೆ ‘ಹೂಂ’ ಅನ್ನದಿದ್ದರೆ ಅವರು ಕಥೆಯನ್ನೇ ನಿಲ್ಲಿಸುತ್ತಾರೆ. ‘ಕೇಳುತ್ತಿದ್ದೇನೆ, ಹೇಳಿ’ ಎಂಬುದಷ್ಟೇ ಅದರ ಅರ್ಥ. ಆದ್ದರಿಂದ ಎಲ್ಲ ಹೂಂಕಾರವನ್ನೂ ಸುಳ್ಳೆನ್ನಲಾಗದು. ಸಂತೆಯಲ್ಲಿ ವ್ಯಾಪಾರಿ ಹೇಳಿದ ಹಾಸ್ಯ ಅರ್ಥವಾಗದೆ ನಕ್ಕರೆ ಯಾರಿಗೂ ನಷ್ಟವಿಲ್ಲ.

ಆದರೆ ಎದುರಿನವರು ನಮ್ಮ ಹೂಂಕಾರವನ್ನು ನಂಬಿ ಮುಂದಿನ ಹೆಜ್ಜೆ ಇಡುವುದಾದರೆ ಮಾತು ಬೇರೆಯಾಗುತ್ತದೆ. ರೋಗಿ ‘ಇವಳಿಗೆ ತಿಳಿಯಿತು’ ಎಂದು ನಂಬಿ ಸುಮ್ಮನಾಗುತ್ತಾರೆ. ಯಜಮಾನ ‘ಇವನಿಗೆ ಗೊತ್ತಾಯಿತು’ ಎಂದು ನಂಬಿ ಯಂತ್ರವನ್ನು ಒಪ್ಪಿಸುತ್ತಾನೆ. ಪಾಪನಿವೇದನೆಯ ಪೀಠದಲ್ಲಿ ವೃದ್ಧೆ ‘ಗುರುಗಳು ಕೇಳಿಸಿಕೊಂಡರು’ ಎಂದು ನಂಬಿ ಹಗುರಾಗಿ ಏಳುತ್ತಾರೆ. ಆ ನಂಬಿಕೆಗೆ ಆಧಾರವಿಲ್ಲವೆಂದು ನಮಗೆ ಗೊತ್ತಿದ್ದೂ ನಾವು ತಲೆಯಾಡಿಸಿದರೆ, ಒಂದು ಪದವನ್ನೂ ಆಡದೆಯೇ ಸುಳ್ಳು ಹೇಳಿದಂತಾಯಿತು. ಪರರನ್ನು ತಪ್ಪು ನಂಬಿಕೆಗೆ ದೂಡುವುದು ಸುಳ್ಳಾದರೆ, ಅದಕ್ಕೆ ನಾಲಗೆಯೇ ಬೇಕೆಂದೇನೂ ಇಲ್ಲ.

ಆದುದರಿಂದ ಪರಭಾಷೆಯಲ್ಲಿ ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ವಾಕ್ಯ ‘ನಮಸ್ಕಾರ, ಹೇಗಿದ್ದೀರಿ’ ಅಲ್ಲ. ‘ನನಗೆ ಅರ್ಥವಾಗಲಿಲ್ಲ, ದಯವಿಟ್ಟು ಇನ್ನೊಮ್ಮೆ ನಿಧಾನವಾಗಿ ಹೇಳಿ’ ಎಂಬುದು. ಅದರ ಜೊತೆಗೆ ಎರಡನೆಯದು: ‘ನೀವು ಹೇಳಿದ್ದು ಹೀಗೆ ತಾನೇ?’ ಎಂದು ಕೇಳಿದ್ದನ್ನು ತಿರುಗಿ ಹೇಳಿ ಖಚಿತಪಡಿಸಿಕೊಳ್ಳುವುದು. ಈ ಎರಡು ವಾಕ್ಯಗಳನ್ನು ನಾಚಿಕೆಯಿಲ್ಲದೆ ದಿನಕ್ಕೆ ಇಪ್ಪತ್ತು ಸಲ ಆಡುವವರು ಬೇರೆಲ್ಲರಿಗಿಂತ ಬೇಗ ಕಲಿಯುತ್ತಾರೆ ಎಂಬುದು ಇದರಲ್ಲಿರುವ ಸೋಜಿಗ. ಏಕೆಂದರೆ ಸುಳ್ಳು ಹೂಂಕಾರ ಆ ಗಳಿಗೆಯ ಪಾಠವನ್ನು ಅಲ್ಲಿಯೇ ಮುಗಿಸಿಬಿಡುತ್ತದೆ, ಪ್ರಾಮಾಣಿಕವಾದ ಪ್ರಶ್ನೆ ಅದನ್ನು ಮುಂದುವರಿಸುತ್ತದೆ. ಇಲ್ಲಿ ಸತ್ಯದ ದಾರಿಯೇ ಹತ್ತಿರದ ದಾರಿ.

‘ಭಾಷೆ ಬರುತ್ತದೆ’ ಎಂದು ಹೇಳುವ ಹಕ್ಕು ಯಾವಾಗ ಬರುತ್ತದೆ ಎಂಬ ಆರಂಭದ ಪ್ರಶ್ನೆಗೂ ಇಲ್ಲಿ ಉತ್ತರವಿದೆ. ಪ್ರಮಾಣಪತ್ರ ಬಂದ ದಿನ ಕೆಲಸಕ್ಕೆ ಸೇರುವ ಹಕ್ಕು ಬರುತ್ತದೆ, ಅದು ಕಾನೂನಿನ ಮಾತು. ಆ ಭಾಷೆಯವರೊಬ್ಬರು ತಮ್ಮ ನೋವನ್ನು ಪದ ಹುಡುಕದೆ, ಕೈಸನ್ನೆ ಮಾಡದೆ, ಮನೆಯವರೊಡನೆ ಮಾತನಾಡುವಂತೆ ನಮ್ಮೊಡನೆ ಹೇಳಿಕೊಳ್ಳುವ ದಿನ ನಮಗೆ ಅವರ ಭಾಷೆ ಬಂದಂತೆ. ಆ ದಿನವನ್ನು ನಾವು ನಿಶ್ಚಯಿಸಲಾರೆವು. ಅವರು ನಿಶ್ಚಯಿಸುತ್ತಾರೆ.

ಕೇಳುವವರ ಕರ್ತವ್ಯ

ಹೊರೆಯನ್ನೆಲ್ಲ ಕಲಿಯುವವರ ಹೆಗಲಿಗೇ ಹಾಕಿದರೆ ಅದೂ ಅನ್ಯಾಯ. ‘ಅರ್ಥವಾಗಲಿಲ್ಲ’ ಎನ್ನುವ ಧೈರ್ಯ ಬರುವುದು ಎದುರಿನವರ ಮುಖ ನೋಡಿ. ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಬಾಲ್ಯದ ಎರಡು ಭಾಷೆಗಳನ್ನು ಹೋಲಿಸಿದ್ದಾರೆ. ಲತೀನನ್ನು ದಾದಿಯರ ಮುದ್ದಿನ ನಡುವೆ, ಆಟದ ನಡುವೆ, ಭಯವಿಲ್ಲದೆ ಕಲಿತರಂತೆ; ಗ್ರೀಕನ್ನು ಬೆತ್ತದ ಬೆದರಿಕೆಯಲ್ಲಿ ಕಲಿಸಿದ್ದರಿಂದ ಅದು ಕಹಿಯಾಯಿತಂತೆ. ಭಯ ನಾಲಗೆಯನ್ನು ಕಟ್ಟುತ್ತದೆ. ಇದು ಮಕ್ಕಳಿಗೆ ಎಷ್ಟು ನಿಜವೋ ದೊಡ್ಡವರಿಗೂ ಅಷ್ಟೇ ನಿಜ.

ಜರ್ಮನಿಯ ವಾರ್ಡಿನಲ್ಲಿ ನಮ್ಮ ಮಗಳ ತೊದಲು ಮಾತನ್ನು ತಾಳ್ಮೆಯಿಂದ ಕೇಳಬೇಕೆಂದು ನಾವು ಬಯಸುತ್ತೇವೆ. ಸರಿ. ನಮ್ಮ ಊರಿನಲ್ಲಿ ನಾವೇನು ಮಾಡುತ್ತಿದ್ದೇವೆ? ಒಡಿಶಾದಿಂದ, ಬಿಹಾರದಿಂದ, ಜಾರ್ಖಂಡಿನಿಂದ ಬಂದ ಕಟ್ಟಡ ಕಾರ್ಮಿಕನೊಬ್ಬ ನಮ್ಮ ಅಂಗಡಿಯಲ್ಲಿ ನಿಂತು ನಾಲ್ಕು ಕನ್ನಡ ಪದಗಳನ್ನು ಜೋಡಿಸಲು ಹೆಣಗುತ್ತಾನೆ. ಅವನಿಗೂ ಅದು ಪರಭಾಷೆಯೇ. ಅವನೂ ಬೇಗ ಕಲಿಯಬೇಕಾದವನೇ; ಅವನಿಗೆ ತರಗತಿಯಿಲ್ಲ, ಪುಸ್ತಕವಿಲ್ಲ. ನಾವು ನಗುತ್ತೇವೆಯೋ, ಸಿಡುಕುತ್ತೇವೆಯೋ, ಅಥವಾ ಅವನಿಗಾಗಿ ವಾಕ್ಯವನ್ನು ನಿಧಾನವಾಗಿ ಇನ್ನೊಮ್ಮೆ ಹೇಳುತ್ತೇವೆಯೋ? ಮದುವೆಯಾಗಿ ಬೇರೆ ಭಾಷೆಯ ಮನೆಯಿಂದ ಬಂದ ಸೊಸೆಯ ಉಚ್ಚಾರಣೆಯನ್ನು ನೆಂಟರ ಮುಂದೆ ಅಣಕಿಸುವ ಮನೆಗಳೂ ಇವೆ. ಹಾಗೆ ಅಣಕಿಸಿಕೊಂಡವಳು ಮರುದಿನದಿಂದ ಬರಿದೇ ತಲೆಯಾಡಿಸಲು ಕಲಿಯುತ್ತಾಳೆ. ಆ ಸುಳ್ಳಿನಲ್ಲಿ ಅರ್ಧ ಪಾಲು ನಮ್ಮದು.

ಉಚ್ಚಾರಣೆಯ ವಿಷಯದಲ್ಲಿ ಪವಿತ್ರ ಗ್ರಂಥವೇ ನಮಗೆ ಸಮಾಧಾನ ಹೇಳುತ್ತದೆ. ಪ್ರಧಾನ ಯಾಜಕನ ಅಂಗಳದಲ್ಲಿ ಪೇತ್ರನನ್ನು ಅವನ ಗಲಿಲೇಯದ ಮಾತಿನ ರೀತಿಯೇ ಹಿಡಿದುಕೊಟ್ಟಿತು. ಐವತ್ತು ದಿನಗಳಾದ ಮೇಲೆ, ಪಂಚಾಶತ್ತಮ ದಿನದಂದು ಪವಿತ್ರಾತ್ಮರು ಇಳಿದು ಬಂದಾಗ, ನಾನಾ ದೇಶಗಳ ಜನ ತಮ್ಮ ತಮ್ಮ ಭಾಷೆಯಲ್ಲಿ ಪ್ರೇಷಿತರ ಮಾತನ್ನು ಕೇಳಿದರು. ಆಗಲೂ ಮಾತನಾಡುತ್ತಿರುವವರು ಗಲಿಲೇಯದವರೆಂಬುದು ಕೇಳುಗರಿಗೆ ತಿಳಿದೇ ಇತ್ತು. ಆತ್ಮರ ವರ ಅವರ ಹುಟ್ಟೂರನ್ನು ಅಳಿಸಿಹಾಕಲಿಲ್ಲ. ಪರಭಾಷೆಯಲ್ಲಿ ನಮ್ಮ ಊರಿನ ರಾಗ ಉಳಿದುಕೊಂಡರೆ ಅದು ಅವಮಾನವಲ್ಲ.

ಮನೆಯಲ್ಲಿ ಯಾರಾದರೂ ಹೊಸ ಭಾಷೆ ಕಲಿಯುತ್ತಿದ್ದರೆ ಅವರಿಗೆ ಎರಡು ರೀತಿಯಲ್ಲಿ ನೆರವಾಗೋಣ. ಸಂಜೆ ಊಟದ ಹೊತ್ತಿಗೆ ಅವರು ಅಂದು ಕಲಿತ ನಾಲ್ಕು ವಾಕ್ಯಗಳನ್ನು ನಮಗೆ ಕಲಿಸಲಿ. ಕಲಿಸುವವರೇ ಹೆಚ್ಚು ಕಲಿಯುತ್ತಾರೆ, ಅಜ್ಜ ಅಜ್ಜಿಯರಿಗೂ ಮೊಮ್ಮಗಳು ಹೊರಟ ನಾಡು ಸ್ವಲ್ಪ ಹತ್ತಿರವಾಗುತ್ತದೆ. ಇನ್ನೊಂದು, ಪರೀಕ್ಷೆಯ ಫಲಿತಾಂಶವನ್ನು ವಿಚಾರಿಸುವಷ್ಟೇ ಕಾಳಜಿಯಿಂದ ‘ಇಂದು ಎಷ್ಟು ಸಲ ಅರ್ಥವಾಗಲಿಲ್ಲ ಎಂದು ಹೇಳಿದೆ?’ ಎಂದು ವಿಚಾರಿಸೋಣ. ಹೆಚ್ಚು ಸಲ ಹೇಳಿದ್ದರೆ ಬೆನ್ನು ತಟ್ಟೋಣ.

ಬರುವ ಡಿಸೆಂಬರ್ 3ರಂದು ಸಂತ ಝೇವಿಯರ್ ಅವರ ಹಬ್ಬವನ್ನು ಆಚರಿಸುವಾಗ, ಹೊರನಾಡಿನಲ್ಲಿ ಪದಗಳಿಗಾಗಿ ತಡಕಾಡುತ್ತಿರುವ ನಮ್ಮವರಿಗಾಗಿ ಒಂದು ಪ್ರಾರ್ಥನೆ ಸಲ್ಲಿಸೋಣ. ನಮ್ಮ ನಾಡಿನಲ್ಲಿ ತಡಕಾಡುತ್ತಿರುವ ಪರವೂರಿನವರಿಗಾಗಿ ಇನ್ನೊಂದು. ಪೂಜೆ ಮುಗಿದು ಹೊರಬಂದಾಗ ಅಂಥವರೊಬ್ಬರು ಎದುರಾದರೆ, ಒಂದೆರಡು ನಿಮಿಷ ನಿಂತು ಅವರ ಮಾತು ಮುಗಿಯುವವರೆಗೆ ಕಾಯೋಣ.